ವಿಮಾನಗಳಿಗೆ ನಾಮಕರಣ

ಹುಟ್ಟಿದ ಮಗುವನ್ನು ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ತೊಟ್ಟಿಲಿಗೆ ಹಾಕಿ ಹೆಸರಿಡುವ ಪದ್ಧತಿಯು ನಮ್ಮ ಮನೆಗಳಲ್ಲಿ ಉಂಟಷ್ಟೆ. ಕೊಟ್ಟಿಗೆಯ ಹಸುವಿಗೂ ಗೌರಿಯೆಂದೋ ಕಾವೇರಿಯೆಂದೋ ಹೆಸರಿರುವುದು. ಆದರೆ ಹೊಲಿಗೆಯ ಯಂತ್ರಕ್ಕಾಗಲಿ ಗೋಡೆಯ ಗಡಿಯಾರಕ್ಕಾಗಲಿ ಹೆಸರಿಟ್ಟು ಕರೆಯುವವರನ್ನು ನಾವು ಕಾಣೆವು. ಲೋಹದಿಂದಾದ ವಸ್ತುಗಳಲ್ಲಿ ಈ ಭಾಗ್ಯವು ಮುಖ್ಯವಾಗಿ ಹಡಗಿಗೂ ವಿಮಾನಕ್ಕೂ ದೊರೆತಿದೆ. ತನ್ನ ಪ್ರಾಣವನ್ನು ಒಪ್ಪಿಸಿ ಹೊರಡುವವನು ಆ ವಸ್ತುವನ್ನು ಬರಿಯ ಅಂಕಿಯಿಂದ ಕರೆಯಲು ಅಂಜುವನೆಂದು ತೋರುತ್ತದೆ.

ನಾವು ವಾಸವಾಗಿರುವುದು ಬೆಂಗಳೂರಿನ ಮೂಡಣ ಭಾಗದಲ್ಲಿ, ಎಚ್.ಎ.ಎಲ್. ಕಾರ್ಖಾನೆಯ ವಿಮಾನ ನಿಲ್ದಾಣಕ್ಕೆ ಸಮೀಪದಲ್ಲಿ. ಪ್ರಯಾಣಿಕರ ವಿಮಾನಗಳು ೨೦೦೮ರಲ್ಲಿ ದೇವನಹಳ್ಳಿಗೆ ವಲಸೆ ಹೋದರೂ ನಮ್ಮ ಆಕಾಶವು ಪೂರ್ತಿ ಮೂಕವಾಗಲಿಲ್ಲ. ಸಂಜೆಯ ಹೊತ್ತು ನಮ್ಮ ಜಗಲಿಯಲ್ಲಿ ಸೇರುವ ಮಿತ್ರರು ಇಬ್ಬರು. ಒಬ್ಬರು ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡಿ ನಿವೃತ್ತರಾದವರು. ಮತ್ತೊಬ್ಬರು ವಕೀಲರು, ವಿಮಾನದ ಚಿತ್ರವಿರುವ ಪುಸ್ತಕವನ್ನು ಕಂಡರೆ ಕೊಳ್ಳದೆ ಬಿಡದವರು. ಟೊಮೇಟೋ ಧಾರಣೆಯಿಂದ ಹಿಡಿದು ವಿದೇಶಗಳ ಯುದ್ಧದವರೆಗೆ ಎಲ್ಲವೂ ಅಲ್ಲಿ ಚರ್ಚೆಗೆ ಬರುವುದು. ಮೇಲೆ ಸದ್ದು ಕೇಳಿದೊಡನೆ ಮಾತ್ರ ಮೂವರೂ ಕಾಫಿಯ ಲೋಟವನ್ನು ಕೆಳಗಿಟ್ಟು ಅಂಗಳಕ್ಕೆ ಇಳಿಯುವೆವು. ಮನೆಯ ಹೆಂಗಸರು ನಕ್ಕರೆ ನಗಲಿ.

೨೦೨೫ರ ಸೆಪ್ಟೆಂಬರ್ ೨೬ರಂದು ಮಿಗ್-೨೧ ವಿಮಾನಗಳಿಗೆ ಚಂಡೀಗಢದಲ್ಲಿ ವಿದಾಯ ಹೇಳಿದ ವಾರ್ತೆಯನ್ನು ವಕೀಲರು ಪತ್ರಿಕೆಯಿಂದ ಓದಿ ಹೇಳುತ್ತಿದ್ದರು. ಅವು ನಮ್ಮ ವಾಯುಪಡೆಗೆ ಬಂದದ್ದು ೧೯೬೩ರಲ್ಲಿ. ಒಳಗಿನಿಂದ ನಮ್ಮ ತಾಯಿಯವರು, "ಮಿಗವೆಂದರೆ ಜಿಂಕೆಯಲ್ಲವೇನಪ್ಪ? ಓಡುವುದಕ್ಕೆ ಸರಿಯಾದ ಹೆಸರೇ" ಎಂದರು. ಹಳಗನ್ನಡದ ದೃಷ್ಟಿಯಿಂದ ಅವರ ಮಾತಿಗೆ ಕೊರತೆಯಿಲ್ಲ. ಆದರೆ ಇಲ್ಲಿಯ ಸಂಗತಿ ಬೇರೆ. ಮಿಕೋಯಾನ್, ಗುರೇವಿಚ್ ಎಂಬ ಇಬ್ಬರು ಶಿಲ್ಪಿಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರಿದು. ನಡುವಿನ ‘ಇ’ ಎಂಬುದು ರಷ್ಯನ್ ಭಾಷೆಯಲ್ಲಿ ‘ಮತ್ತು’ ಎಂಬ ಅವ್ಯಯ. ಅವ್ಯಯವೊಂದು ಗಗನವನ್ನೇರಿದ ಉದಾಹರಣೆಯು ಬೇರೊಂದು ಇರಲಾರದೆಂದು ವಕೀಲರ ಅಭಿಪ್ರಾಯ.

ಇದೇ ವಿಮಾನವನ್ನು ಪಾಶ್ಚಾತ್ಯ ಸೇನೆಗಳು ‘ಫಿಷ್‌ಬೆಡ್’ ಎಂದು ಕರೆದವು. ರಷ್ಯನರು ಇಟ್ಟ ಹೆಸರು ತಿಳಿಯದಿದ್ದಾಗ, ತಿಳಿದರೂ ನಾಲಗೆಗೆ ಹೊರಳದಿದ್ದಾಗ, ತಮ್ಮಲ್ಲಿ ಗೊಂದಲವಾಗದಂತೆ ಅವರು ಮಾಡಿಕೊಂಡ ಏರ್ಪಾಡು ಇದು. ಕಾಳಗದ ವಿಮಾನಕ್ಕೆ ‘ಎಫ್’, ಬಾಂಬು ಹೊರುವುದಕ್ಕೆ ‘ಬಿ’, ಸಾಮಾನು ಸಾಗಿಸುವುದಕ್ಕೆ ‘ಸಿ’, ಹೆಲಿಕಾಪ್ಟರಿಗೆ ‘ಎಚ್’ ಅಕ್ಷರದಿಂದ ಹೆಸರು ಆರಂಭವಾಗಬೇಕು. ಅಷ್ಟೇ ಅಲ್ಲ, ತಿರುಗುವ ಪಂಖಗಳಿಂದ ಹಾರುವ ಬಾಂಬು ವಿಮಾನಕ್ಕೆ ಒಂದೇ ಉಚ್ಚಾರಾಂಶದ ಶಬ್ದ, ಜೆಟ್ಟಿನದಾದರೆ ಎರಡು. ಆದುದರಿಂದಲೇ ಪಂಖಗಳುಳ್ಳ ಟುಪೊಲೆಫ್-೯೫ ಎಂಬುದು ‘ಬೇರ್’, ಎಂದರೆ ಕರಡಿ, ಆಯಿತು. ಹಗೆಯ ಹೆಸರಿನಲ್ಲಿಯೂ ಛಂದಸ್ಸನ್ನು ಪಾಲಿಸಿದವರನ್ನು ಮೆಚ್ಚದಿರಲಾದೀತೆ!

ಇದಕ್ಕೂ ಹಿಂದೆ, ೧೯೪೨ರಲ್ಲಿ, ಆಸ್ಟ್ರೇಲಿಯಾದಲ್ಲಿದ್ದ ಮೆಕಾಯ್ ಎಂಬ ಅಮೆರಿಕನ್ ಅಧಿಕಾರಿಯು ಜಪಾನರ ವಿಮಾನಗಳಿಗೆ ಹೀಗೆಯೇ ಹೆಸರಿಡಲು ತೊಡಗಿದನು. ಕಾಳಗದವುಗಳಿಗೆ ಗಂಡಸರ ಹೆಸರು, ಬಾಂಬಿನವುಗಳಿಗೆ ಹೆಂಗಸರ ಹೆಸರು. ಲೋಕಪ್ರಸಿದ್ಧವಾದ ‘ಝೀರೋ’ ಅವನ ಪಟ್ಟಿಯಲ್ಲಿ ‘ಝೀಕ್’. ಒಂದಕ್ಕೆ ‘ಹ್ಯಾಪ್’ ಎಂದಿಟ್ಟಾಗ ಮಾತ್ರ ವಿಪರೀತವಾಯಿತು. ಹ್ಯಾಪ್ ಎಂಬುದು ಅಮೆರಿಕದ ವಾಯುಪಡೆಯ ದಳಪತಿಯಾದ ಆರ್ನಾಲ್ಡನ ಮುದ್ದಿನ ಹೆಸರು. ಕೂಡಲೇ ಅದು ‘ಹ್ಯಾಂಪ್’ ಆಯಿತು. ಮೇಲಧಿಕಾರಿಯ ಹೆಸರನ್ನು ನಾಯಿಗೆ ಇಟ್ಟವರ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ.

ಇಂಗ್ಲೆಂಡಿನ ‘ಸ್ಪಿಟ್‌ಫೈರ್’ ವಿಮಾನದ ಹೆಸರನ್ನು ಅರಿಯದವರು ವಿರಳ. ಅದು ಮೊದಲು ಹಾರಿದ್ದು ೧೯೩೬ರ ಮಾರ್ಚಿ ೫ರಂದು. ವಿಕರ್ಸ್ ಸಂಸ್ಥೆಯ ಮುಖ್ಯರಾದ ಮೆಕ್ಲೀನ್ ತಮ್ಮ ತುಂಟ ಮಗಳನ್ನು ಈ ಹೆಸರಿನಿಂದ ಕರೆಯುತ್ತಿದ್ದರೆಂದೂ ಅದೇ ವಿಮಾನಕ್ಕೆ ಬಂದಿತೆಂದೂ ಹೇಳುವರು. ಕನ್ನಡದಲ್ಲಿ ಗಯ್ಯಾಳಿಯೆಂದರೆ ಹೆಚ್ಚುಕಡಮೆ ಆ ಭಾವವು ಬಂದೀತು. ವಿಮಾನವನ್ನು ರಚಿಸಿದ ಮಿಚೆಲ್ಲನಿಗೆ ಆ ಹೆಸರು ಸ್ವಲ್ಪವೂ ಸೇರಲಿಲ್ಲವಂತೆ. ಅದರೊಳಗಿನ ಎಂಜಿನಿನ ಹೆಸರಾದ ‘ಮರ್ಲಿನ್’ ಎಂಬುದನ್ನು ಅನೇಕರು ಹಳೆಯ ಕಥೆಗಳ ಮಾಂತ್ರಿಕನೆಂದು ತಿಳಿದಿರುವರು, ನಾವೂ ತಿಳಿದಿದ್ದೆವು. ಅದೊಂದು ಬೇಟೆಯ ಹಕ್ಕಿ, ಡೇಗೆಯ ಜಾತಿಯದು. ರೋಲ್ಸ್-ರಾಯ್ಸ್ ಸಂಸ್ಥೆಯು ಆ ಕಾಲದ ಎಂಜಿನುಗಳಿಗೆ ಇಂಥ ಹಕ್ಕಿಗಳ ಹೆಸರನ್ನೂ, ಜೆಟ್ ಬಂದ ಮೇಲೆ ಎಡೆಬಿಡದೆ ಹರಿಯುವ ಅದರ ಗುಣಕ್ಕೆ ತಕ್ಕಂತೆ ನದಿಗಳ ಹೆಸರನ್ನೂ ಇಟ್ಟಿತು. ಈಗ ದೊಡ್ಡ ವಿಮಾನಗಳಲ್ಲಿ ಕಾಣುವ ‘ಟ್ರೆಂಟ್’ ಒಂದು ನದಿಯೇ.

ನಮ್ಮ ನಾಡಿಗೆ ಹತ್ತಿರವಾದ ಕಥೆಯೆಂದರೆ ಪತಂಗಗಳದು. ಜೆಫ್ರಿ ಡಿ ಹ್ಯಾವಿಲೆಂಡ್ ಎಂಬ ವಿಮಾನ ಶಿಲ್ಪಿಗೆ ಪತಂಗಗಳನ್ನು ಹಿಡಿದು ಅಭ್ಯಾಸ ಮಾಡುವ ಹುಚ್ಚು. ರೆಕ್ಕೆ ಮಡಿಚಬಹುದಾದ ತನ್ನ ಪುಟ್ಟ ವಿಮಾನಕ್ಕೆ ‘ಮಾತ್’ ಎಂದೇ ಹೆಸರಿಟ್ಟನು. ಜಿಪ್ಸಿ ಮಾತ್, ಟೈಗರ್ ಮಾತ್, ಪಸ್ ಮಾತ್ ಎಂದು ಸಂಸಾರ ಬೆಳೆಯಿತು. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಅಂಚೆಯ ಚೀಲಗಳನ್ನು ಹೊತ್ತು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಬಂದಿಳಿದದ್ದು ಪಸ್ ಮಾತಿನಲ್ಲಿಯೇ. ಅಲ್ಲಿಂದ ಮುಂದೆ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಹತ್ತಿಯ ಅಂಡಿಗೆಗಳನ್ನು ಕಂಡಿದ್ದ ಬಳ್ಳಾರಿಯ ಬಯಲಿಗೆ ಈ ಪತಂಗವು ಹೇಗೆ ಕಂಡಿತೋ! ನಮ್ಮ ನಿಘಂಟಿನಲ್ಲಿ ಪತಂಗವೆಂದರೆ ದೀಪದ ಹುಳುವೂ ಹೌದು, ಹಕ್ಕಿಯೂ ಹೌದು, ಸೂರ್ಯನೂ ಹೌದು. ಡಿ ಹ್ಯಾವಿಲೆಂಡನಿಗೆ ಇದು ತಿಳಿದಿದ್ದರೆ ಸಂತೋಷಪಡುತ್ತಿದ್ದನು.

ಅನಂತರ ನಮ್ಮ ದೇಶದ ವಿಮಾನಗಳು ಸಮುದ್ರವನ್ನು ದಾಟಿದವು. ೧೯೪೮ರ ಜೂನ್ ೮ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನದ ಹೆಸರು ‘ಮಲಬಾರ್ ಪ್ರಿನ್ಸೆಸ್’. ಮುಂದೆ ಬೋಯಿಂಗ್ ೭೦೭ಗಳಿಗೆ ಹಿಮಾಲಯದ ಶಿಖರಗಳ ಹೆಸರೂ, ೭೪೭ಗಳಿಗೆ ಚಕ್ರವರ್ತಿಗಳ ಹೆಸರೂ ಬಂದವು. "ನಮ್ಮವರು ಯಾರೂ ಇರಲಿಲ್ಲವೋ?" ಎಂದು ನಮ್ಮ ಅತ್ತಿಗೆಯವರು ಬಾಗಿಲಲ್ಲಿ ನಿಂತು ಕೇಳಿದರು. ಇದ್ದನು, ಕೃಷ್ಣದೇವರಾಯನು. ಇದನ್ನು ಕೇಳಿ ಅವರಿಗೆ ತೃಪ್ತಿಯಾಯಿತು. ಆದರೆ ಈ ಪಟ್ಟಿಯನ್ನು ಮುಂದುವರಿಸಲು ವಕೀಲರಿಗೆ ಮನಸ್ಸಾಗಲಿಲ್ಲ. ಮಲಬಾರ್ ಪ್ರಿನ್ಸೆಸ್ ೧೯೫೦ರ ನವೆಂಬರ್ ೩ರಂದು ಯೂರೋಪಿನ ಮೌಂಟ್ ಬ್ಲಾಂಕ್ ಪರ್ವತಕ್ಕೆ ತಗಲಿ ನಾಶವಾಯಿತು. ೧೯೬೬ರ ಜನವರಿ ೨೪ರಂದು ಅದೇ ಪರ್ವತಕ್ಕೆ ‘ಕಾಂಚನಜಂಗಾ’ ಬಡಿದು, ಹೋಮಿ ಭಾಭಾ ಅವರೂ ಸೇರಿ ೧೧೭ ಜನರು ಮಡಿದರು. ‘ಕನಿಷ್ಕ’ನನ್ನು ೧೯೮೫ರ ಜೂನ್ ೨೩ರಂದು ಪಾತಕಿಗಳು ಬಾಂಬಿಟ್ಟು ಒಡೆದರು, ಸತ್ತವರು ೩೨೯. ಆ ಮೂರಕ್ಷರದ ಹೆಸರನ್ನು ಕೇಳಿದರೆ ಇಂದಿಗೂ ಕುಶಾನರ ಅರಸನು ನೆನಪಾಗುವುದಿಲ್ಲ. ೨೦೨೫ರ ಜೂನ್ ೧೨ರಂದು ಅಹಮದಾಬಾದಿನಲ್ಲಿ ಬಿದ್ದ ವಿಮಾನವು ಪತ್ರಿಕೆಗಳಲ್ಲಿ ಬಂದದ್ದು ‘ಎ.ಐ. ೧೭೧’ ಎಂಬ ಸಂಖ್ಯೆಯಾಗಿ. ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಮಾತನ್ನು ಬೇರೆ ಕಡೆಗೆ ತಿರುಗಿಸಿದವರು ಫಿಟ್ಟರ್ ಮಿತ್ರರು. ಅವರ ಕಾರ್ಖಾನೆಯು ೧೯೪೦ರಲ್ಲಿ ವಾಲಚಂದ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ನೆರವಿನಿಂದಲೂ ಹುಟ್ಟಿದ್ದು. ಯುದ್ಧವು ಮುಗಿದು ಬ್ರಿಟಿಷರು ಹೊರಡುವಾಗ ಕಾನಪುರದಲ್ಲಿ ‘ಲಿಬರೇಟರ್’, ಅಂದರೆ ವಿಮೋಚಕ, ಎಂಬ ದೊಡ್ಡ ಬಾಂಬು ವಿಮಾನಗಳನ್ನು ಮತ್ತಾರಿಗೂ ಉಪಯೋಗವಾಗದಂತೆ ಕೆಡಿಸಿ ಬಿಟ್ಟುಹೋದರು. ಅವುಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಬೆಂಗಳೂರಿನವರು ಅಷ್ಟಿಷ್ಟು ಜೋಡಿಸಿ, ಹಾರಿಸಿಕೊಂಡೇ ಇಲ್ಲಿಗೆ ತಂದು, ಪೂರ್ತಿ ದುರಸ್ತು ಮಾಡಿದರು. ೧೯೬೮ರವರೆಗೂ ಅವು ನಮ್ಮ ವಾಯುಪಡೆಯಲ್ಲಿ ದುಡಿದವು. "ವಿಮೋಚಕನನ್ನು ವಿಮೋಚನೆ ಮಾಡಿದವರು ನಮ್ಮ ಹಿರಿಯ ಮೇಸ್ತ್ರಿಗಳು, ಸ್ವಾಮಿ" ಎಂದು ಮಿತ್ರರು ಹೇಳುವಾಗ ಅವರ ಬೆನ್ನು ನೆಟ್ಟಗಾಗುವುದು.

ಸ್ವಂತ ಕೈಯಿಂದ ಮಾಡಿದ ವಿಮಾನಗಳಿಗೆ ನಮ್ಮವರು ಪುರಾಣವನ್ನು ತೆರೆದರು. ೧೯೫೮ರಲ್ಲಿ ಹಾರಿದ್ದು ‘ಪುಷ್ಪಕ್’. ಎಷ್ಟು ಮಂದಿ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುವುದು ರಾಮಾಯಣದ ಪುಷ್ಪಕ. ಬೆಂಗಳೂರಿನದರಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಇಂಗ್ಲಿಷರು ‘ನ್ಯಾಟ್’, ಎಂದರೆ ನುಸಿ, ಎಂದು ಕರೆದ ಪುಟ್ಟ ವಿಮಾನವನ್ನು ತಿದ್ದಿದಾಗ ಅದು ‘ಅಜೀತ್’ ಆಯಿತು. ‘ತೇಜಸ್’ ಎಂಬುದಂತೂ ಬಹಳ ವರ್ಷ ಹೆಸರಿಲ್ಲದ ಕೂಸು. ೧೯೮೩ರಲ್ಲಿ ಮಂಜೂರಾಗಿ ೨೦೦೧ರ ಜನವರಿ ೪ರಂದು ಹಾರಿ, ಎಲ್.ಸಿ.ಎ. ಎಂಬ ಮೂರಕ್ಷರಗಳಲ್ಲಿಯೇ ಕಾಲ ಕಳೆದು, ೨೦೦೩ರ ಮೇ ತಿಂಗಳಲ್ಲಿ ಪ್ರಧಾನಿ ವಾಜಪೇಯಿಯವರಿಂದ ಹೆಸರನ್ನು ಪಡೆಯಿತು.

ಇವೆಲ್ಲಕ್ಕಿಂತ ಮಿತ್ರರಿಗೆ ಪ್ರಿಯವಾದುದು ‘ಮಾರುತ’. "ಆಂಜನೇಯನ ತಂದೆ" ಎಂದು ನಮ್ಮ ತಾಯಿಯವರು ಒಳಗಿನಿಂದಲೇ ಕೈ ಮುಗಿದರು. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಶಿಲ್ಪಿಯು ಬೆಂಗಳೂರಿಗೆ ಬಂದು ನಮ್ಮವರೊಡನೆ ರಚಿಸಿದ ಈ ಜೆಟ್ ವಿಮಾನವು ೧೯೬೧ರ ಜೂನ್ ೧೭ರಂದು ಮೊದಲು ಹಾರಿತು. ರೂಪವು ಬಾಣದಂತೆ, ಕೊರತೆಯೆಲ್ಲ ಎಂಜಿನಿನದು. ಬಲವಾದ ಎಂಜಿನು ಯಾವ ದೇಶದಿಂದಲೂ ಒದಗದೆ ‘ಆರ್ಫಿಯಸ್’ ಎಂಬ ಜೋಡಿ ಎಂಜಿನುಗಳಿಂದಲೇ ತೃಪ್ತಿಪಡಬೇಕಾಯಿತು. ಆರ್ಫಿಯಸ್ ಗ್ರೀಕರ ಪುರಾಣದ ಗಾಯಕನು. ಬಿರುಗಾಳಿಯ ದೇವತೆಯನ್ನು ಹೊರಲು ವೀಣೆಯವನನ್ನು ನಿಯಮಿಸಿದಂತಾಯಿತು. ಆದರೂ ೧೪೭ ಮಾರುತಗಳು ಸಿದ್ಧವಾಗಿ ೧೯೭೧ರ ಯುದ್ಧದಲ್ಲಿ ಕಾದಿದವು.

ಆಗ ನಮ್ಮ ತಾಯಿಯವರು ಹೊರಗೆ ಬಂದು, ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯೊಂದನ್ನು ಮಿತ್ರರಿಗೆ ಕೇಳಿದರು. ನಿಮ್ಮ ಕಾರ್ಖಾನೆಯ ಪಕ್ಕದಲ್ಲಿ ಹಳೆಯ ಮದರಾಸು ರಸ್ತೆಗೆ ಹೋಗುವ ದಾರಿಗೆ ಸುರಂಜನ ದಾಸರ ಹೆಸರಿಟ್ಟಿರುವರಲ್ಲ, ಪುರಂದರದಾಸರನ್ನು ಬಲ್ಲೆ, ಕನಕದಾಸರನ್ನು ಬಲ್ಲೆ, ಇವರ ದೇವರನಾಮವನ್ನು ಮಾತ್ರ ಎಲ್ಲಿಯೂ ಕೇಳಲಿಲ್ಲ, ಇವರ ಅಂಕಿತವೇನು?

ವಕೀಲರಿಗೆ ನಗು ಬಂದಿತು. ಮಿತ್ರರು ನಗಲಿಲ್ಲ.

"ಅವರು ಹಾಡಿನ ದಾಸರಲ್ಲ, ಅಮ್ಮ" ಎಂದರು. "ವಾಯುಪಡೆಯ ವೈಮಾನಿಕರು. ಮಾರುತವನ್ನು ಮೊಟ್ಟಮೊದಲು ಹಾರಿಸಿದವರು ಅವರೇ. ಎಂಜಿನಿಗೆ ಬಲ ಸಾಲದಲ್ಲ. ಹಿಂಬದಿಯಲ್ಲಿ ಇನ್ನಷ್ಟು ಇಂಧನವನ್ನು ಉರಿಸಿ ವೇಗ ಕೊಡುವ ಏರ್ಪಾಡನ್ನು ಒಂದು ಮಾರುತಕ್ಕೆ ಅಳವಡಿಸಿದ್ದರು. ಅದರ ಪರೀಕ್ಷೆಗೆ ೧೯೭೦ರ ಜನವರಿ ೧೦ರಂದು ಏರಿದರು. ಬಿದ್ದುಹೋಯಿತು. ನಾನು ಆಗ ತಾನೆ ಅಪ್ರೆಂಟಿಸ್ ಆಗಿ ಸೇರಿದ್ದ ಹುಡುಗ. ದೂರದಿಂದ ಎರಡು ಸಲ ಅವರನ್ನು ಕಂಡಿದ್ದೆ, ಅಷ್ಟೆ. ಆ ದಿನ ನಮ್ಮ ಷಾಪಿನಲ್ಲಿ ಯಾರೂ ಊಟದ ಡಬ್ಬಿ ತೆರೆಯಲಿಲ್ಲ. ಒಬ್ಬ ಹಿರಿಯ ಮೇಸ್ತ್ರಿ ತಾನು ಬಿಗಿದ ಬೋಲ್ಟುಗಳನ್ನು ಬೆರಳಿನಲ್ಲಿ ಎಣಿಸುತ್ತ ಕುಳಿತಿದ್ದ."

ತಾಯಿಯವರು ಏನನ್ನೂ ಹೇಳದೆ ಒಳಗೆ ಹೋಗಿ ಅವರ ಲೋಟಕ್ಕೆ ಮತ್ತೆ ಕಾಫಿಯನ್ನು ತಂದು ಕೊಟ್ಟರು.

ಎರಡು ದಿನಗಳ ಮೇಲೆ ಅವರು ಆಟೋದಲ್ಲಿ ಅದೇ ದಾರಿಯಿಂದ ಬರುವಾಗ, "ಈ ಹೆಸರು ಯಾರದೆಂದು ಬಲ್ಲೆಯೇನಪ್ಪ?" ಎಂದು ಚಾಲಕನನ್ನು ಕೇಳಿದರಂತೆ. ಅವನು ದಿನಕ್ಕೆ ಹತ್ತು ಸಲ ಓಡಾಡುವವನಾದರೂ ಅರಿಯೆನೆಂದನು. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಇವರು ಕಥೆಯನ್ನೆಲ್ಲ ಹೇಳಿ ಮುಗಿಸಿದ್ದರು. ಬಾಡಿಗೆಯನ್ನು ತೆಗೆದುಕೊಂಡು ಅವನು ಕೇಳಿದ್ದು ಒಂದೇ: ಆ ಬಗೆಯ ವಿಮಾನವನ್ನು ಈಗ ಎಲ್ಲಿಯಾದರೂ ನೋಡಬಹುದೆ? ಅವನಿಗೆ ಏಳು ವರ್ಷದ ಮಗನಿರುವನು.

ಈ ಪ್ರಶ್ನೆಯನ್ನು ಮಿತ್ರರಿಗೆ ಮುಟ್ಟಿಸಿದೆವು. ಕಾರ್ಖಾನೆಯವರ ವಸ್ತುಸಂಗ್ರಹಾಲಯದಲ್ಲಿ ಒಂದು ಮಾರುತವನ್ನು ನಿಲ್ಲಿಸಿರುವರೆಂದೂ, ಅವರಿಬ್ಬರೂ ಬರುವುದಾದರೆ ತಾವೇ ಜೊತೆಯಲ್ಲಿದ್ದು ಮೂಗಿನಿಂದ ಬಾಲದವರೆಗೆ ತೋರಿಸುವುದಾಗಿಯೂ ಹೇಳಿದರು. ಚಾಲಕನ ಫೋನಿನ ಸಂಖ್ಯೆಯನ್ನು ನಮ್ಮ ತಾಯಿಯವರು ಮೊದಲೇ ಕೇಳಿ, ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದರು.