ಸೂಜಿ ಕಡೆ ನೋಡದ ಪುಣ್ಯಾತ್ಮ

ಅಕ್ಕ ಬಸುರಿಯಾದಾಗ ಡಾಕ್ಟರು ಅವಳ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಬಿ ನೆಗೆಟಿವ್’ ಅಂತ ದೊಡ್ಡದಾಗಿ ಬರೆದು ಸುತ್ತ ಒಂದು ಗೆರೆ ಎಳೆದರು. ಭಾವನದು ಪಾಸಿಟಿವ್. ‘28 ವಾರಕ್ಕೆ ಒಂದು ಆಂಟಿ-ಡಿ ಇಂಜೆಕ್ಷನ್. ಮಗು ಪಾಸಿಟಿವ್ ಆಗಿದ್ರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಮರೀಬೇಡಿ’ ಅಂದರು. ಅಷ್ಟೇ. ಅಕ್ಕ ಮೊಬೈಲಿನಲ್ಲಿ ರಿಮೈಂಡರ್ ಹಾಕಿಕೊಂಡಳು.

ಆ ಸಂಜೆ ವಿಷಯ ತಿಳಿದ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ‘ಅಜ್ಜಿದೂ ನೆಗೆಟಿವ್ವೇ. ಹೋದ ವರ್ಷ ಸೊಂಟದ ಆಪರೇಷನ್‌ಗೆ ಸೇರಿಸ್ದಾಗ ಗೊತ್ತಾಯ್ತು’ ಅಂದರು.

ನಮ್ಮ ಅಜ್ಜಿ ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವರು. ಮೊದಲನೆಯ ಮಗು, ಅಂದರೆ ನಮ್ಮ ದೊಡ್ಡಮಾವ, ಗುಂಡುಕಲ್ಲಿನ ಹಾಗೆ ಹುಟ್ಟಿದ್ದರಂತೆ. ಎರಡನೆಯದು ಹೆಣ್ಣು, ಎರಡು ದಿನ ಇತ್ತು. ಮೂರನೆಯದು ಹೊಟ್ಟೆಯಲ್ಲೇ ಹೋಯಿತು. ಊರಲ್ಲಿ ಇಂಥದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ನಾಗದೋಷ ಅಂದರು. ಕಾಲ್ಗುಣ ಅಂದರು. ತೊಟ್ಟಿಲ ಶಾಸ್ತ್ರಕ್ಕೆ, ಸೀಮಂತಕ್ಕೆ ಅಜ್ಜಿಯನ್ನು ಕರೆಯುವುದು ನಿಲ್ಲಿಸಿದರು. ತಾತ ಸಾಲ ಮಾಡಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದರು. ಅದಾದ ಮೇಲೆ 1968ರಲ್ಲಿ ಹುಟ್ಟಿದ ಅಮ್ಮ ಬದುಕಿಕೊಂಡರು. ಊರಿಗೆ ಅದೇ ಸಾಕ್ಷಿ ಆಯಿತು: ಕಲ್ಲು ನೆಟ್ಟರು, ದೋಷ ಹೋಯಿತು.

ಅಕ್ಕನ ಫೈಲು ನೋಡುವವರೆಗೂ ನಮಗೂ ಬೇರೆ ವಿವರಣೆ ಇರಲಿಲ್ಲ.

ಇದು ಕೆಲಸ ಮಾಡುವ ರೀತಿ ಹೀಗೆ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ ಮೊದಲ ಹೆರಿಗೆಯ ಹೊತ್ತಿಗೆ ಮಗುವಿನ ಒಂದಷ್ಟು ರಕ್ತಕಣ ತಾಯಿಯ ರಕ್ತಕ್ಕೆ ಸೇರಿಕೊಳ್ಳುತ್ತವೆ. ತಾಯಿಯ ದೇಹ ಅದನ್ನು ಹೊರಗಿನದು ಅಂತ ಗುರುತಿಸಿ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಮೊದಲ ಮಗು ಹುಟ್ಟಿ ಆಗಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಫೈರ್‌ವಾಲ್‌ನಲ್ಲಿ ಒಂದು ರೂಲ್ ಕೂತುಬಿಟ್ಟಿತು. ಮುಂದಿನ ಪಾಸಿಟಿವ್ ಮಗು ಬಂದಾಗ ಆ ಪ್ರತಿಕಾಯಗಳು ಮಾಸು ದಾಟಿ ಹೋಗಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತಹೀನತೆ, ವಿಪರೀತ ಕಾಮಾಲೆ, ಎಷ್ಟೋ ಸಲ ಸಾವು. ಮಗುವೂ ನೆಗೆಟಿವ್ ಆಗಿದ್ದರೆ ಒಡೆಯಲು ಏನೂ ಸಿಗುವುದಿಲ್ಲ, ಅದು ಬದುಕುತ್ತದೆ.

ಅಮ್ಮ ನೆಗೆಟಿವ್. ಅಕ್ಕನೂ, ನಾನೂ ಬಿ ನೆಗೆಟಿವ್. ಅರವತ್ತು ವರ್ಷದ ಹಿಂದಿನದಕ್ಕೆ ಈಗ ಯಾವ ಟೆಸ್ಟೂ ಇಲ್ಲ. ಆದರೆ ಅಕ್ಕನ ಡಾಕ್ಟರು ಕಥೆ ಕೇಳಿ, ‘ಪಾಠದ ಪುಸ್ತಕದಲ್ಲಿ ಇರೋ ಹಾಗೇ ಇದೆ’ ಅಂದರು.

ಈ ಇಂಜೆಕ್ಷನ್ ಎಲ್ಲಿಂದ ಬಂತು ಅಂತ ಓದಲು ಕೂತ ರಾತ್ರಿ ನನಗೆ ಸಿಕ್ಕಿದ ಹೆಸರು ಜೇಮ್ಸ್ ಹ್ಯಾರಿಸನ್. 1936ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು. ಡಾಕ್ಟರಲ್ಲ, ವಿಜ್ಞಾನಿಯಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಎದೆಗೆ ದೊಡ್ಡ ಆಪರೇಷನ್ ಆಗಿ, ಯಾರ‍್ಯಾರೋ ಕೊಟ್ಟಿದ್ದ ರಕ್ತದಿಂದ ಬದುಕಿಕೊಂಡರು. ಹದಿನೆಂಟು ತುಂಬಿದ ಮೇಲೆ ನಾನೂ ಕೊಡುತ್ತೇನೆ ಅಂತ ಆಗಲೇ ತೀರ್ಮಾನಿಸಿ, 1954ರಲ್ಲಿ ಶುರು ಮಾಡಿದರು. ಅವರಿಗೆ ಸೂಜಿ ಕಂಡರೆ ಆಗುತ್ತಿರಲಿಲ್ಲ. ಚುಚ್ಚುವಾಗ ಛಾವಣಿ ನೋಡುತ್ತಿದ್ದರು, ನರ್ಸ್‌ಗಳ ಜೊತೆ ಹರಟೆ ಹೊಡೆಯುತ್ತಿದ್ದರು, ತೋಳಿನ ಕಡೆ ಮಾತ್ರ ತಿರುಗುತ್ತಿರಲಿಲ್ಲ.

ಕೊಡುತ್ತಾ ಹೋದ ಮೇಲೆ ಅವರ ರಕ್ತದಲ್ಲಿ ಆಂಟಿ-ಡಿ ಎಂಬ ಪ್ರತಿಕಾಯ ಬಹಳ ಹೆಚ್ಚಿಗೆ ಇದೆ ಅಂತ ಗೊತ್ತಾಯಿತು. ತಾಯಿಯ ದೇಹ ತಾನೇ ಪ್ರತಿಕಾಯ ಮಾಡಿಕೊಳ್ಳುವುದನ್ನು ಕಲಿಯುವ ಮೊದಲೇ ಹೊರಗಿನಿಂದ ಸ್ವಲ್ಪ ಆಂಟಿ-ಡಿ ಕೊಟ್ಟುಬಿಟ್ಟರೆ, ಅದು ಮಗುವಿನ ಕಣಗಳನ್ನು ಸದ್ದಿಲ್ಲದೆ ಗುಡಿಸಿ ಹಾಕುತ್ತದೆ. ತಾಯಿಯ ದೇಹಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಮುಂದಿನ ಮಗು ಕ್ಷೇಮ. ಈ ಔಷಧಕ್ಕೆ ಬೇಕಾಗಿದ್ದದ್ದು ಇಂಥ ಮನುಷ್ಯರ ಪ್ಲಾಸ್ಮಾ. ಆಸ್ಟ್ರೇಲಿಯಾದಲ್ಲಿ 1967ರಲ್ಲಿ ಕಾರ್ಯಕ್ರಮ ಶುರುವಾದಾಗ ಹ್ಯಾರಿಸನ್ ಮೊದಲ ದಾನಿಗಳಲ್ಲಿ ಒಬ್ಬರು.

ಕೊನೆಯ ಸಲ ಕೊಟ್ಟದ್ದು 2018ರಲ್ಲಿ, 81ನೇ ವಯಸ್ಸಿಗೆ. ವಯಸ್ಸಿನ ಮಿತಿ ಮುಗಿಯಿತು ಅಂತ ಬಿಟ್ಟರೇ ಹೊರತು ಸಾಕಾಯಿತು ಅಂತಲ್ಲ. ಒಟ್ಟು 1173 ಸಲ. ನಾನು ಲೆಕ್ಕ ಹಾಕಿದೆ (ಚಾಳಿ, ಬಿಡುವುದಿಲ್ಲ): ಅರವತ್ನಾಲ್ಕು ವರ್ಷ, ಸರಾಸರಿ ಮೂರು ವಾರಕ್ಕೂ ಮುಂಚೆ ಒಂದು ಸಲ. ಅವರ ಪ್ಲಾಸ್ಮಾದಿಂದ ಆದ ಔಷಧ ಸುಮಾರು 24 ಲಕ್ಷ ಶಿಶುಗಳಿಗೆ ನೆರವಾಗಿದೆ ಅಂತ ಅಲ್ಲಿನ ರಕ್ತದಾನ ಸಂಸ್ಥೆಯ ಅಂದಾಜು. ಅವರ ಸ್ವಂತ ಮಗಳೂ ಆ ಇಂಜೆಕ್ಷನ್ ತೆಗೆದುಕೊಂಡವಳೇ. 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ಹೋದರು.

24 ಲಕ್ಷಕ್ಕಿಂತ ನನ್ನನ್ನು ತಟ್ಟಿದ್ದು ಆ ಛಾವಣಿ. ಸಾವಿರದ ನೂರ ಎಪ್ಪತ್ಮೂರು ಸಲ ಹೋದರೂ ಆ ಹೆದರಿಕೆ ಪೂರ್ತಿ ಹೋಗಲೇ ಇಲ್ಲವಂತೆ. ಧೈರ್ಯ ಬಂದ ಮೇಲೆ ಹೋಗೋಣ ಅಂತ ಕಾದಿದ್ದರೆ ಅವರು ಒಂದು ಸಲವೂ ಹೋಗುತ್ತಿರಲಿಲ್ಲ. ಅವರನ್ನು ‘ಬಂಗಾರದ ತೋಳಿನ ಮನುಷ್ಯ’ ಅಂತ ಕರೆಯುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಪ್ರತಿಕಾಯ ಇದ್ದದ್ದು ಅದೃಷ್ಟ, ಹೋಗಿ ಹೋಗಿ ಕೂತದ್ದು ಅದೃಷ್ಟವಲ್ಲ. ಮತ್ತೆ ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ಇನ್ನೂರಕ್ಕಿಂತ ಕಡಿಮೆ ಆಂಟಿ-ಡಿ ದಾನಿಗಳಿದ್ದಾರೆ. ಇಡೀ ದೇಶದ ತಾಯಂದಿರಿಗೆ ಔಷಧ ಆಗುವುದು ಅವರಿಂದಲೇ. ಅವರಲ್ಲಿ ಬಹಳಷ್ಟು ಜನರ ಹೆಸರು ನಮಗೆ ಗೊತ್ತಾಗುವುದೂ ಇಲ್ಲ.

ಇನ್ನೊಂದು ಮಾತು. ಈಗ ಪ್ರಯೋಗಾಲಯದಲ್ಲೇ ತಯಾರಿಸಿದ ಆಂಟಿ-ಡಿ ಕೂಡ ಭಾರತದಲ್ಲಿ ಸಿಗುತ್ತದೆ. ಅಕ್ಕನಿಗೆ ಕೊಟ್ಟದ್ದು ಯಾವುದೋ ನಾವು ಕೇಳಲಿಲ್ಲ.

ಈಗ ನನ್ನ ವಿಷಯ. ಭಾರತದಲ್ಲಿ ನೆಗೆಟಿವ್ ಗುಂಪಿನವರು ನೂರಕ್ಕೆ ಐದಾರು ಜನ. ನಾನು ಅವರಲ್ಲೊಬ್ಬ ಅಂತ ಕಾಲೇಜಿನಿಂದಲೇ ಗೊತ್ತಿತ್ತು. ಆಫೀಸಿನಲ್ಲಿ ಪ್ರತಿ ವರ್ಷ ರಕ್ತದಾನ ಶಿಬಿರ ನಡೆಯುತ್ತದೆ. ಪ್ರತಿ ವರ್ಷ ಅವತ್ತೇ ನನಗೊಂದು ‘ಕ್ಲೈಂಟ್ ಕಾಲ್’ ಇರುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಭಾನುವಾರ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮೆಸೇಜು ಬಂತು: ಬಿ ನೆಗೆಟಿವ್ ಬೇಕು, ಅರ್ಜೆಂಟ್, ಜಯನಗರ. ನಾನು ವೈಟ್‌ಫೀಲ್ಡ್‌ನಲ್ಲಿದ್ದೆ. ಮೆಸೇಜು ಓದಿ ಫೋನನ್ನು ಮಕಾಡೆ ಇಟ್ಟೆ. ಟ್ರಾಫಿಕ್ ಇರುತ್ತೆ, ಬೇರೆ ಯಾರಾದರೂ ಹೋಗಿರ‍್ತಾರೆ ಅಂತ ಸಮಾಧಾನ ಹೇಳಿಕೊಂಡೆ. ಎರಡು ಗಂಟೆ ಬಿಟ್ಟು ‘ಸಿಕ್ಕಿತು, ಥ್ಯಾಂಕ್ಸ್’ ಅಂತ ಬಂತು. ನಿಜ ಹೇಳುತ್ತೇನೆ, ಆಗ ನನಗಾದದ್ದು ನಾಚಿಕೆಯಲ್ಲ, ನಿರಾಳ. ನಾಚಿಕೆ ಆದದ್ದು ಹ್ಯಾರಿಸನ್ ಬಗ್ಗೆ ಓದಿದ ರಾತ್ರಿ.

ಅದಾದ ಶನಿವಾರ ಒಂದು ರಕ್ತನಿಧಿಗೆ ಒಬ್ಬನೇ ಹೋದೆ. ಯಾರಿಗೂ ಹೇಳಲಿಲ್ಲ, ಅರ್ಧದಲ್ಲಿ ವಾಪಸ್ ಬಂದರೆ ಮರ್ಯಾದೆ ಉಳಿಯಲಿ ಅಂತ. ಫಾರ್ಮು ತುಂಬಿಸಿ, ತೂಕ, ಬಿಪಿ ನೋಡಿದರು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣಕ್ಕೆ ಬಿಟ್ಟರು. ಹನಿ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ ಅಂತ. ತೇಲಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮುಳುಗಿತು. ಮಲಗಿಸಿ ಕೈಗೊಂದು ಮೆತ್ತನೆಯ ಚೆಂಡು ಕೊಟ್ಟು ಹಿಸುಕುತ್ತಿರಿ ಅಂದರು. ನಾನೂ ಛಾವಣಿ ನೋಡಿದೆ. ಅಲ್ಲೊಂದು ಫ್ಯಾನು, ಮೂರು ರೆಕ್ಕೆ, ಒಂದರ ತುದಿಗೆ ಬಣ್ಣ ಹೋಗಿತ್ತು. ಬೆವರಿತು, ಬಾಯಿ ಒಣಗಿತು. ಸಿಸ್ಟರ್ ‘ಯಾವೂರು ಸರ್?’ ಅಂತ ಕೇಳಿದರು, ಹೇಳಿದೆ. ಅವರದೂ ಹಾಸನದ ಕಡೆಯೇ. ಮಳೆ, ತೆಂಗಿನ ನುಸಿ ಅಂತ ಮಾತು ಬೆಳೆಯುವಷ್ಟರಲ್ಲಿ ‘ಆಯ್ತು’ ಅಂದರು. ಹತ್ತು ನಿಮಿಷವೂ ಆಗಿರಲಿಲ್ಲ. 350 ಎಂಎಲ್. ಒಂದು ಪ್ಯಾಕೆಟ್ ಬಿಸ್ಕತ್ತು, ಒಂದು ಮ್ಯಾಂಗೋ ಜ್ಯೂಸು.

ಆಮೇಲೆ ತಿಳಿದುಕೊಂಡದ್ದು: ಒಂದು ಚೀಲದ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬಿಡಿಸಿ ಬೇರೆ ಬೇರೆಯವರಿಗೆ ಕೊಡಬಹುದು. ಪ್ಲೇಟ್‌ಲೆಟ್ ಇಡಬಹುದಾದದ್ದು ಐದೇ ದಿನ, ಅದಕ್ಕೇ ಡೆಂಗಿ ಕಾಲದಲ್ಲಿ ಅಷ್ಟು ಮೆಸೇಜು. ನಮ್ಮಲ್ಲಿ 18ರಿಂದ 65 ವರ್ಷದವರೆಗೆ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ದುಡ್ಡಿಗೆ ರಕ್ತ ಮಾರುವುದು ನಮ್ಮ ದೇಶದಲ್ಲಿ 1998ರ ಜನವರಿಯಿಂದ ನಿಷೇಧ. ಅಂದರೆ ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ಪ್ರತಿ ಚೀಲಕ್ಕೂ ಯಾರೋ ಒಬ್ಬರು ತೋಳು ಚಾಚಿ ಕೂತಿರಬೇಕು, ಬೇರೆ ದಾರಿಯಿಲ್ಲ.

ಅಕ್ಕನಿಗೆ ಹೆಣ್ಣುಮಗು ಆಯಿತು, ಪಾಸಿಟಿವ್. ಎರಡನೆಯ ಇಂಜೆಕ್ಷನ್ ಮರುದಿನವೇ ಆಯಿತು. ಅಜ್ಜಿಗೆ ಎಲ್ಲ ಹೇಳಬೇಕೋ ಬೇಡವೋ ಅಂತ ಮನೆಯಲ್ಲಿ ಜಗಳವೇ ನಡೆಯಿತು. ‘82 ವರ್ಷ, ಈಗ್ಯಾಕೆ ಆ ಗಾಯ ಕೆದಕ್ಬೇಕು’ ಅಂತ ಅಮ್ಮ. ‘ಅರವತ್ತು ವರ್ಷ ತನ್ನದೇ ತಪ್ಪು ಅಂದ್ಕೊಂಡವಳಿಗೆ ಹೇಳದೇ ಇರೋದು ಯಾವ ನ್ಯಾಯ’ ಅಂತ ಅಕ್ಕ. ಕೊನೆಗೆ ಊರಿಗೆ ಹೋದಾಗ ನಾನೇ ಹೇಳಿದೆ. ಜಗಲಿಯ ಮೇಲೆ ಕೂತು, ಎರಡು ಲೋಟದ ನೀರಿಗೆ ಕುಂಕುಮ, ಅರಿಶಿನ ಕದಡಿ ತೋರಿಸುತ್ತಾ.

ಅಜ್ಜಿ ಮಧ್ಯೆ ಮಾತಾಡಲಿಲ್ಲ. ಮುಗಿದ ಮೇಲೆ ಅರಿಶಿನದ ಲೋಟವನ್ನೇ ನೋಡುತ್ತಾ, ‘ಹಿಂಗೇ ಇತ್ತು ಕಣ್ ಮಗ, ಅರಿಶಿನ ಹಚ್ಚಿದಂಗೆ. ಹುಟ್ಟಿದ್ ದಿನ ಚೆಂದಾಗೈತೆ ಅಂತಂದ್ರು’ ಅಂದಳು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, ‘ಹಂಗಾರೆ ನಂದೇನೂ ತಪ್ಪಿರ್ನಿಲ್ವಾ?’

‘ಇಲ್ಲ ಕಣಜ್ಜಿ.’

‘ನಾಗಪ್ಪಂದೂ ಇಲ್ಲ?’

‘ಅವನದೂ ಇಲ್ಲ.’

ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ, ನಾನು ರಕ್ತ ಕೊಟ್ಟದ್ದನ್ನು ಅಮ್ಮ ಹೇಳಿಬಿಟ್ಟರು. ಅಜ್ಜಿ ನನ್ನ ತೋಳು ಹಿಡಿದು ತಿರುಗಿಸಿ, ಚುಚ್ಚಿದ ಜಾಗ ಹುಡುಕಿದಳು. ಕಲೆ ಆಗಲೇ ಹೋಗಿತ್ತು. ‘ಮತ್ತೆ ಯಾವಾಗ ಹೋಗ್ತೀಯ?’ ಅಂದಳು. ಮೂರು ತಿಂಗಳಾಗಬೇಕಜ್ಜಿ ಅಂದೆ. ಮುದ್ದೆಗೆ ಇನ್ನೊಂದು ಚಮಚ ತುಪ್ಪ ಬಿತ್ತು.