ಮಿತ ಖರ್ಚಿನಲ್ಲೊಂದು ಲಿನಕ್ಸ್ ಕಂಪ್ಯೂಟರ್

ಪ್ರೋಗ್ರಾಮಿಂಗ್ ಕಲಿಯಲು ದುಬಾರಿ ಕಂಪ್ಯೂಟರ್ ಬೇಕೇ ಬೇಕು ಎಂಬ ಭಾವನೆ ಅನೇಕ ಪಾಲಕರಲ್ಲಿದೆ. ಇದು ನಿಜವಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಆರಂಭದಲ್ಲೇ ದೊಡ್ಡ ಮೊತ್ತ ಸುರಿಯುವುದಕ್ಕಿಂತ, ಮಗುವಿನ ಆಸಕ್ತಿ ಬೆಳೆದಂತೆ ಯಂತ್ರವನ್ನೂ ಬೆಳೆಸುವುದು ಜಾಣತನ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಉಚಿತವಾಗಿ ಸಿಗುತ್ತದೆ. ಉಬುಂಟು, ಲಿನಕ್ಸ್ ಮಿಂಟ್ ಇದರ ಜನಪ್ರಿಯ ರೂಪಗಳು. ಪೈಥಾನ್ ಇವುಗಳಲ್ಲಿ ಮೊದಲೇ ಇರುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಒಪ್ಪದ ಎಷ್ಟೋ ಹಳೆಯ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಚೆನ್ನಾಗಿ ನಡೆಯುತ್ತದೆ. ಆದ್ದರಿಂದ ಕಚೇರಿಗಳು ಬಳಸಿ ಮಾರುವ ಕಂಪ್ಯೂಟರ್‌ಗಳನ್ನೇ ಮೊದಲು ನೋಡಿ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು:

1. ರ‍್ಯಾಮ್ 8 ಜಿಬಿ ಇರಲಿ. ಖಾಲಿ ಸ್ಲಾಟ್ ಇದ್ದರೆ ಮುಂದೆ 16 ಜಿಬಿ ಮಾಡಬಹುದು. ತೆಳ್ಳಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅದನ್ನು ಹೆಚ್ಚಿಸಲಾಗದು.

2. ಹಾರ್ಡ್ ಡಿಸ್ಕ್ ಬದಲು 256 ಜಿಬಿ ಎಸ್‌ಎಸ್‌ಡಿ ಇರಲಿ. ಹಳೆಯ ಕಂಪ್ಯೂಟರ್ ಚುರುಕಾಗುವುದು ಮುಖ್ಯವಾಗಿ ಇದರಿಂದಲೇ.

3. ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ.

4. ಮನೆಯಲ್ಲಿ ಜಾಗವಿದ್ದರೆ ಡೆಸ್ಕ್‌ಟಾಪ್ ಲೇಸು. ಭಾಗಗಳನ್ನು ಬದಲಿಸುವುದು ಸುಲಭ. ರಜೆಗೆ ಊರಿಗೆ ಒಯ್ಯಬೇಕಾದರೆ ಲ್ಯಾಪ್‌ಟಾಪ್ ಕೊಳ್ಳಿ; ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಪರೀಕ್ಷಿಸಿ.

ಹಣ ಕೊಡುವ ಮುನ್ನ ಲಿನಕ್ಸ್ ತುಂಬಿದ ಪೆನ್ ಡ್ರೈವ್‌ನಿಂದ ಕಂಪ್ಯೂಟರನ್ನು ಆರಂಭಿಸಿ ನೋಡಿ. ಒಳಗಿರುವುದನ್ನು ಅಳಿಸದೆಯೇ ವೈಫೈ, ಧ್ವನಿ, ಕೀಲಿಮಣೆ ಪರೀಕ್ಷಿಸಬಹುದು. ಮನೆಯಲ್ಲಿರುವ ಹಳೆಯ ಕಂಪ್ಯೂಟರಿಗೇ ಲಿನಕ್ಸ್ ಹಾಕುವುದಾದರೆ ಫೋಟೋ, ಕಡತಗಳನ್ನು ಮೊದಲು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.

ಮಕ್ಕಳೇ, ಲಿನಕ್ಸಿನಲ್ಲಿ ಕನ್ನಡ ಕೀಲಿಮಣೆಯೂ ಇದೆ. ನಿಮ್ಮ ಮೊದಲ ಪೈಥಾನ್ ಪ್ರೋಗ್ರಾಮ್ ಪರದೆಯ ಮೇಲೆ ‘ನಮಸ್ಕಾರ’ ಎನ್ನಲಿ!