ಗೆದ್ದವರ ಕಥೆ, ಸೋತವರ ಸೂಜಿ

ಕತ್ತಿಯಿಂದ ಗೆದ್ದ ಕಾಳಗವನ್ನು ಸೂಜಿಯಿಂದ ಬರೆಯಬಹುದೆ? ಹೌದೆನ್ನುತ್ತದೆ ಫ್ರಾನ್ಸ್‌ನ ಬೇಯೂ ಪಟ್ಟಣದ ಹೆಸರು ಹೊತ್ತ ಒಂದು ಬಟ್ಟೆ. ಅದರ ಅಗಲ ಮೊಳಕ್ಕಿಂತ ತುಸು ಹೆಚ್ಚು. ಉದ್ದ ಮಾತ್ರ ಸುಮಾರು 70 ಮೀಟರ್!

'ಬೇಯೂ ಟ್ಯಾಪೆಸ್ಟ್ರಿ' ಎಂದೇ ಇದು ಪ್ರಸಿದ್ಧ. ಟ್ಯಾಪೆಸ್ಟ್ರಿ ಎಂದರೆ ಮಗ್ಗದಲ್ಲೇ ಚಿತ್ರ ಮೂಡಿಸಿ ನೇಯ್ದದ್ದು. ಇದಾದರೋ ಲಿನನ್ ಬಟ್ಟೆಯ ಮೇಲೆ ಬಣ್ಣದ ಉಣ್ಣೆ ನೂಲಿನಿಂದ ಹಾಕಿದ ಕಸೂತಿ. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಬಳಿ ನಾರ್ಮಂಡಿಯ ಡ್ಯೂಕ್ ವಿಲಿಯಂ, ಇಂಗ್ಲೆಂಡಿನ ದೊರೆ ಹೆರಾಲ್ಡನನ್ನು ಸೋಲಿಸಿದ. ಆ ಕಥೆಯೇ ಇದರ ವಸ್ತು.

ಮಧ್ಯಯುಗದ ಅಶ್ವಯೋಧ, ಅಂದರೆ 'ನೈಟ್' ಎಂದೊಡನೆ ಅಡಿಯಿಂದ ಮುಡಿಯವರೆಗೆ ಉಕ್ಕಿನ ತಗಡು ತೊಟ್ಟ ಸಿನಿಮಾ ವೀರ ನೆನಪಾಗುತ್ತಾನೆ. ಅಂಥ ಪೂರ್ಣಕವಚ ಬಂದದ್ದು ಶತಮಾನಗಳ ನಂತರ. ಈ ಬಟ್ಟೆಯ ಸವಾರರದು ಕಬ್ಬಿಣದ ಉಂಗುರಗಳನ್ನು ಹೆಣೆದ ಅಂಗಿ, ಮೂಗಿಗೆ ಪಟ್ಟಿಯಿರುವ ಚೂಪು ಶಿರಸ್ತ್ರಾಣ. ಕೆಲವರು ಈಟಿಯನ್ನು ತಲೆಯ ಮೇಲೆತ್ತಿ ಹಿಡಿದಿದ್ದಾರೆ. ಕೆಲವರು ಕಂಕುಳಲ್ಲಿ ಅವುಚಿ ನುಗ್ಗುತ್ತಿದ್ದಾರೆ. ಮುಂದೆ ನೈಟ್‌ಗಳ ಗುರುತೇ ಆದದ್ದು ಈ ಎರಡನೆಯ ವರಸೆ. ಎದುರಿಗೆ, ನೆಲದ ಮೇಲೆ ಗುರಾಣಿಗೆ ಗುರಾಣಿ ಜೋಡಿಸಿ ನಿಂತ ಇಂಗ್ಲಿಷ್ ಕಾಲಾಳುಗಳು. ಯುದ್ಧ ನಡೆದ ಶತಮಾನದಲ್ಲೇ ತಯಾರಾದ ಈ ಕಸೂತಿಯನ್ನು ಆ ಕಾಲದ ಆಯುಧಗಳ ಬಗ್ಗೆ ಬರೆಯುವವರು ಇಂದಿಗೂ ಸಾಕ್ಷಿಯಾಗಿ ಬಳಸುತ್ತಾರೆ.

ಹಾಗೆಂದು ಇದು ನಿಷ್ಪಕ್ಷಪಾತ ವರದಿಯಲ್ಲ. ವಿಲಿಯಂನ ಮಲತಮ್ಮ, ಬೇಯೂ ಬಿಷಪ್ ಓಡೊ ಇದನ್ನು ಮಾಡಿಸಿರಬೇಕೆಂಬುದು ಬಹುತೇಕ ವಿದ್ವಾಂಸರ ಊಹೆ. ರಣರಂಗದ ನಡುವೆ ಅವನಿಗೂ ಒಂದು ಠೀವಿಯ ಜಾಗ ಸಿಕ್ಕಿದೆ! ಆದರೆ ಸೂಜಿ ಹಿಡಿದವರು? ಇದು ತಯಾರಾದದ್ದು ಇಂಗ್ಲೆಂಡಿನಲ್ಲಿ, ಪ್ರಾಯಶಃ ಕ್ಯಾಂಟರ್ಬರಿಯಲ್ಲಿ ಎಂದು ಹಲವರು ನಂಬುತ್ತಾರೆ. ಕಸೂತಿಗೆ ಇಂಗ್ಲಿಷ್ ಹೆಂಗಸರು ಆಗಲೇ ಹೆಸರಾಗಿದ್ದರು. ಅಂದರೆ ಗೆದ್ದವನ ಕೀರ್ತಿಯನ್ನು ಸೋತ ನಾಡಿನ ಕೈಗಳೇ ಹೊಲಿದಿರಬಹುದು.

ಈಗ ಬಟ್ಟೆಯ ಅಂಚು ನೋಡಿ. ಮೊದಲಿಗೆ ಅಲ್ಲಿ ಹಕ್ಕಿ, ಮೃಗಗಳ ಸಾಲು. ಕಾಳಗ ಬಿರುಸಾದಂತೆ ಕೆಳಗಿನ ಅಂಚಿನಲ್ಲಿ ಹೆಣಗಳು ಉರುಳುತ್ತವೆ. ಕಬ್ಬಿಣದ ಅಂಗಿ ದುಬಾರಿ ವಸ್ತುವಲ್ಲವೆ? ಸತ್ತವರ ಮೈಯಿಂದ ಅದನ್ನು ತಲೆಯ ಮೇಲಿಂದ ಎಳೆದು ಸುಲಿಯುತ್ತಿದ್ದಾರೆ. ಅದಕ್ಕೂ ಮೊದಲು, ಕಾಳಗದ ಸಿದ್ಧತೆ ನಡೆದಿರುವಾಗಲೇ, ಸೈನಿಕರು ಮನೆಯೊಂದಕ್ಕೆ ಬೆಂಕಿಯಿಡುತ್ತಾರೆ. ಮಗುವಿನ ಕೈ ಹಿಡಿದು ತಾಯಿಯೊಬ್ಬಳು ಹೊರಬರುತ್ತಾಳೆ. ಪಟ್ಟಿಯುದ್ದಕ್ಕೂ ಆರುನೂರಕ್ಕೂ ಹೆಚ್ಚು ಮಂದಿ ಇದ್ದಾರೆ, ಹೆಂಗಸರು ಬೆರಳೆಣಿಕೆಯಷ್ಟೆ. ಅವರಲ್ಲಿ ಇವಳೊಬ್ಬಳು.

ದೊರೆಗಳ ಹೆಸರನ್ನು ಲ್ಯಾಟಿನ್‌ನಲ್ಲಿ ಹೊಲಿಯಲಾಗಿದೆ. ಆ ತಾಯಿಗೆ ಹೆಸರಿಲ್ಲ, ಅವಳನ್ನು ಹೊಲಿದವರಿಗೂ ಇಲ್ಲ.